ಮೂವತ್ತಾರಲ್ಲ ಅಕ್ಕ, ಇಪ್ಪತ್ತೊಂದು

ಹೋದ ತಿಂಗಳ ಒಂದು ಭಾನುವಾರ, ಬೆಳಿಗ್ಗೆ ಹತ್ತೂವರೆ. ನಮ್ಮ ಮನೆ ಓನರ್ ಸೊಸೆ ಮಂಜುಳಾ ನನ್ನ ಬೆಡ್‌ರೂಮಿಗೆ ಬಂದಳು, ಬಾಗಿಲು ಹಾಕಿ ಚಿಲಕ ಸಿಕ್ಕಿಸಿದಳು, ಕೈಚೀಲದಿಂದ ಒಂದು ವರ್ನಿಯರ್ ಕ್ಯಾಲಿಪರ್ ತೆಗೆದಳು. "ಅಕ್ಕ, ನೈಟಿ ಜಿಪ್ ತೆಗೀರಿ" ಅಂದಳು.

(ಓದುಗರು ಗಾಬರಿಯಾಗಬಾರದು. ವರ್ನಿಯರ್ ಅಂದರೆ ಫ್ಯಾಕ್ಟರಿಗಳಲ್ಲಿ ಮಿಲಿಮೀಟರಿನ ಚೂರನ್ನೂ ಬಿಡದೆ ಅಳೆಯುವ ಉಕ್ಕಿನ ಅಳತೆಗೋಲು. ಪಿಯುಸಿ ಫಿಸಿಕ್ಸ್ ಲ್ಯಾಬಿನಲ್ಲಿ ನಾವೆಲ್ಲ ಅದನ್ನು ಹಿಡಿದು, ತಪ್ಪು ರೀಡಿಂಗ್ ಬರೆದು, ಪಕ್ಕದವಳ ರೆಕಾರ್ಡ್ ನೋಡಿ ಸರಿಮಾಡಿಕೊಂಡವರೇ.)

ಮೊದಲೇ ಹೇಳಿಬಿಡುತ್ತೇನೆ. ಈ ವಾರದ ವಿಷಯ ಎದೆಹಾಲು ತೆಗೆಯುವ ಪಂಪು. ಮುಜುಗರ ಆಗುವವರು ಪುಟ ತಿರುಗಿಸಿ ಪದಬಂಧ ಬಿಡಿಸಬಹುದು. ಆದರೆ ನಿಮ್ಮ ಮನೆಯಲ್ಲಿ ಕೆಲಸಕ್ಕೆ ಹೋಗುವ ಮಗಳೋ ಸೊಸೆಯೋ ತಂಗಿಯೋ ಇದ್ದರೆ ದಯವಿಟ್ಟು ಕೂತುಕೊಳ್ಳಿ. ಪದಬಂಧ ಎಲ್ಲಿಗೂ ಹೋಗುವುದಿಲ್ಲ.

ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯಲ್ಲಿ ಟೆಕ್ನಿಕಲ್ ರೈಟರ್ ಅನ್ನುವುದು ಹಳೇ ಓದುಗರಿಗೆ ಗೊತ್ತು. ಅಂದರೆ, ಯಾರೂ ಓದದ ಮ್ಯಾನ್ಯುಯಲ್‌ಗಳನ್ನು ಬರೆಯುವುದು ನನ್ನ ಹೊಟ್ಟೆಪಾಡು. ಮನೆ ಹೆಬ್ಬಗೋಡಿಯಲ್ಲಿ. ಇತ್ತೀಚೆಗೆ ಇವರು ಬರೀ ನಿದ್ದೆಗೆಟ್ಟ ಕತೆಯನ್ನೇ ಬರೆಯುತ್ತಾರೆ ಎಂದು ಒಬ್ಬ ಓದುಗರು ಪತ್ರಿಕೆಗೆ ದೂರು ಬರೆದಿದ್ದಾರಂತೆ. ಏನು ಮಾಡಲಿ ಸ್ವಾಮಿ? ಮಗಳಿಗೆ ಐದು ತಿಂಗಳು.

ಹೆರಿಗೆ ರಜೆ ಮೂರು ತಿಂಗಳು. ಆರು ತಿಂಗಳಿಗೆ ಏರಿಸುವ ಕಾನೂನು ಬರುತ್ತದೆ ಅಂತ ಸುದ್ದಿಯಿದೆ, ಇನ್ನೂ ಬಂದಿಲ್ಲ. ಅದು ಮುಗಿದ ಮಾರನೇ ದಿನವೇ ಐಡಿ ಕಾರ್ಡ್ ಕುತ್ತಿಗೆಗೆ ಹಾಕಿಕೊಂಡು ಹೊರಟೆ. ಪುಟ್ಟಿಯನ್ನು ನೋಡಿಕೊಳ್ಳಲು ಅಮ್ಮ ಬಂದಿದ್ದಾರೆ. ಆರು ತಿಂಗಳವರೆಗಾದರೂ ಅವಳಿಗೆ ನನ್ನ ಹಾಲೇ ಸಿಗಬೇಕು ಅಂತ ನನ್ನ ಆಸೆ. ಪುಡಿ ಹಾಲು ಕೊಡುವವರ ಮೇಲೆ ನನಗೇನೂ ಕೋಪವಿಲ್ಲ. ನಾನೂ ನನ್ನ ತಮ್ಮನೂ ಅದನ್ನೇ ಕುಡಿದು ಬೆಳೆದವರು. ಆದರೂ ಆಸೆ ಆಸೆಯೇ. ಆಫೀಸಿನಲ್ಲಿ ದಿನಕ್ಕೆ ಎರಡು ಸಲ ಪಂಪ್ ಮಾಡಿ, ಐಸ್ ಇಟ್ಟ ಡಬ್ಬಿಯಲ್ಲಿ ಹಾಲು ಮನೆಗೆ ತರುವುದು, ಮಾರನೇ ದಿನ ಅಮ್ಮ ಅದನ್ನು ಪುಟ್ಟಿಗೆ ಕುಡಿಸುವುದು. ಇದು ಪ್ಲಾನ್.

ಪಂಪ್ ಬಂದದ್ದು ಆನ್‌ಸೈಟ್‌ನಿಂದ, ಅಂದರೆ ಕಂಪನಿ ಕೆಲಸಕ್ಕೆ ವಿದೇಶಕ್ಕೆ ಹೋದವರ ಕೈಯಲ್ಲಿ. ನಮ್ಮ ಕಡೆ ಅದೊಂದು ಪದ್ಧತಿಯೇ ಆಗಿಬಿಟ್ಟಿದೆ. ಯಾರಾದರೂ ಅಮೆರಿಕದಿಂದ ವಾಪಸ್ ಬರುತ್ತಾರೆ ಅಂತ ಗೊತ್ತಾದ ಕೂಡಲೇ ಇಡೀ ಟೀಮು ಲಿಸ್ಟ್ ಕೊಡುತ್ತದೆ. ಒಬ್ಬರಿಗೆ ಲ್ಯಾಪ್‌ಟಾಪ್, ಒಬ್ಬರಿಗೆ ಬಾದಾಮಿ, ಒಬ್ಬರಿಗೆ ಶೂ. ನಾನು ಎಂಟು ತಿಂಗಳ ಬಸುರಿ. ಲಿಸ್ಟಿನಲ್ಲಿ ಪಂಪ್ ಬರೆಸಿದ್ದೆ. ತರುವ ಜವಾಬ್ದಾರಿ ನಮ್ಮ ಗಿರೀಶನದು. ಮದುವೆಯಾಗದ ಹುಡುಗ, ಬಲು ಶಿಸ್ತಿನವನು, ಎಲ್ಲರ ಸಾಮಾನನ್ನೂ ಎಕ್ಸೆಲ್ ಶೀಟಿನಲ್ಲಿ ಬರೆದಿಟ್ಟುಕೊಂಡವನು.

ಒಂದು ಸಂಜೆ ನಾನು ಮೀಟಿಂಗಿನಲ್ಲಿ ಕೂತಿದ್ದಾಗ ಅವನಿಂದ ಚಾಟ್ ಮೆಸೇಜು. "ಮೇಡಂ, ಅಂಗಡೀಲಿ ಇದೀನಿ. ಫ್ಲ್ಯಾಂಜ್ ಸೈಜ್ ಕೇಳ್ತಿದ್ದಾರೆ. 21, 24, 27, 30, 36 ಇದೆ. ಸಾಫ್ಟ್ ಸಿಲಿಕೋನ್‌ದು. ಯಾವುದು ತಗೊಳ್ಳಲಿ?"

ಫ್ಲ್ಯಾಂಜ್ ಅಂದರೆ ಪಂಪಿನ ಬಾಯಿ. ಎಣ್ಣೆ ಸುರಿಯುವ ಆಲಿಕೆಯ ಹಾಗೆ ಇರುತ್ತದೆ, ಎದೆಗೆ ಒತ್ತಿ ಹಿಡಿಯುವುದು ಅದನ್ನೇ. ಇಷ್ಟು ನನಗೆ ಗೊತ್ತಿತ್ತು. ಆದರೆ ಆ ನಂಬರ್ ಯಾವುದರ ನಂಬರ್ ಅಂತ ಗೊತ್ತಿರಲಿಲ್ಲ. ಗಂಡು ಹುಡುಗ ಕೇಳುತ್ತಿದ್ದಾನೆ. ಪಕ್ಕದಲ್ಲಿ ಮ್ಯಾನೇಜರ್. ಲ್ಯಾಪ್‌ಟಾಪನ್ನು ಪ್ರೊಜೆಕ್ಟರಿಗೆ ಕನೆಕ್ಟ್ ಮಾಡುವ ಸರದಿ ಇನ್ನೇನು ನನ್ನದೇ. ಒಮ್ಮೆ ಈ ಮಾತು ಮುಗಿದರೆ ಸಾಕಾಗಿತ್ತು. ಬಟ್ಟೆ ಅಂಗಡಿಯ ಹುಡುಗಿಗೆ ಹದಿನೈದು ವರ್ಷದಿಂದ ಯಾವ ನಂಬರ್ ಹೇಳುತ್ತಾ ಬಂದಿದ್ದೇನೋ ಅದನ್ನೇ ಟೈಪ್ ಮಾಡಿದೆ.

"36."

"ಓಕೆ ಮೇಡಂ, ನೋಟೆಡ್" ಅಂದ ಗಿರೀಶ. (ಆ ನಂಬರ್ ಅವನ ಎಕ್ಸೆಲ್ ಶೀಟಿನಲ್ಲಿ ಇವತ್ತಿಗೂ ಇದೆ. ಇಡೀ ಟೀಮಿಗೆ ಶೇರ್ ಆಗಿದೆ.)

ಈಗ ನಗುತ್ತಿದ್ದೇನೆ. ಆಗ ನಕ್ಕಿರಲಿಲ್ಲ.

ಕೆಲಸಕ್ಕೆ ಮರಳಿದ ಮೊದಲ ದಿನ ಪಂಪ್ ಹಚ್ಚಿದರೆ ಪ್ರಾಣ ಹೋಗುವಷ್ಟು ನೋವು. ಅಷ್ಟು ಮೆತ್ತನೆಯ ಸಿಲಿಕೋನು, ಕೈಯಲ್ಲಿ ಹಿಡಿದರೆ ಪುಟ್ಟಿಯ ಕೆನ್ನೆಯ ಹಾಗಿದೆ. ಆದರೂ ಯಾಕೆ ನೋವು? ಮೊದಮೊದಲು ಹೀಗೇ ಇರಬೇಕು ಅಂದುಕೊಂಡೆ. ಒಂದು ವಾರಕ್ಕೆ ಚರ್ಮ ಕೆಂಪಾಗಿ ಊದಿಕೊಂಡಿತು. ಎರಡನೇ ವಾರಕ್ಕೆ ಬಿರುಕು. ಡಾಕ್ಟರ್ ಮುಲಾಮು ಕೊಟ್ಟರು. ಪಂಪಿನ ಬಾಯಿ ಎಷ್ಟು ದೊಡ್ಡದು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಪಂಪ್ ಮಾಡಲು ನನಗಿದ್ದ ಜಾಗವಾದರೂ ಯಾವುದು? ನಮ್ಮ ಆಫೀಸಿನ ಮೀಟಿಂಗ್ ರೂಮುಗಳಿಗೆಲ್ಲ ಗಾಜಿನ ಗೋಡೆ. ಸಿಕ್ ರೂಮಿನಲ್ಲಿ ಒಂದೇ ಮಂಚ, ಅದರಲ್ಲಿ ಸದಾ ಒಬ್ಬ ತಲೆನೋವಿನವನು ಮಲಗಿರುತ್ತಾನೆ. ಉಳಿದದ್ದು ಟಾಯ್ಲೆಟ್. ಮುಚ್ಚಳ ಹಾಕಿದ ಕಮೋಡಿನ ಮೇಲೆ ಕೂತು, ಹಲ್ಲು ಕಚ್ಚಿ, ಇಪ್ಪತ್ತು ನಿಮಿಷ ಪಂಪ್ ಮಾಡಿದರೆ ಬಾಟಲಿಯ ತಳದಲ್ಲಿ ಮೂವತ್ತು ಎಂಎಲ್. ಒಂದು ಲೋಟ ಫಿಲ್ಟರ್ ಕಾಫಿಗೂ ಸಾಲದು. ಎಷ್ಟೋ ದಿನ ಅಲ್ಲೇ ಕೂತು ಅತ್ತಿದ್ದೇನೆ. ಹೊರಗೆ ಯಾರೋ ಕೈ ತೊಳೆಯುತ್ತಾ ವೀಕೆಂಡ್ ಟ್ರಿಪ್ ಬಗ್ಗೆ ಮಾತಾಡುತ್ತಿರುತ್ತಿದ್ದರು.

ಅಮ್ಮನ ತೀರ್ಪು ಬೇರೆಯೇ. "ನೀನು ಸರಿಯಾಗಿ ತಿನ್ನಲ್ಲ ಕಣೇ, ಅದಕ್ಕೇ ಹಾಲಿಲ್ಲ." ತಗೊಳ್ಳಿ, ಸಬ್ಬಸಿಗೆ ಸೊಪ್ಪಿನ ಪಲ್ಯ, ಸಬ್ಬಸಿಗೆ ಸೊಪ್ಪಿನ ಸಾರು, ಸಬ್ಬಸಿಗೆ ಹಾಕಿದ ಅಕ್ಕಿರೊಟ್ಟಿ. ಬೆಳ್ಳುಳ್ಳಿಯಂತೂ ಗೆಡ್ಡೆಗಟ್ಟಲೆ. ಆಫೀಸಿಗೆ ಹೋಗುವ ಕ್ಯಾಬಿನಲ್ಲಿ ನನ್ನ ಪಕ್ಕ ಕೂರುವವರು ಕಿಟಕಿ ತೆರೆಯಲು ಶುರು ಮಾಡಿದರು. ಹಾಲು ಮಾತ್ರ ಅಷ್ಟೇ.

ಒಂದು ಶುಕ್ರವಾರ ಇಪ್ಪತ್ತು ಎಂಎಲ್‌ಗೆ ಇಳಿಯಿತು, ಅದರಲ್ಲಿ ಸ್ವಲ್ಪ ರಕ್ತದ ಎಳೆ. ನನಗೆ ಸಾಕಾಯಿತು. ಸೋಮವಾರದಿಂದ ಪಂಪ್ ಬಂದ್ ಅಂತ ಮನೆಯಲ್ಲಿ ಹೇಳಿದೆ. ಗಂಡ, "ನೀನು ಇಷ್ಟು ನೋವು ತಿನ್ನೋದು ನೋಡಕ್ಕಾಗಲ್ಲ, ನಿಲ್ಲಿಸು" ಅಂದರು. ಒಳ್ಳೆಯ ಮಾತೇ. ಆದರೂ ಅದನ್ನು ಕೇಳಿ ಇನ್ನಷ್ಟು ಅಳು ಬಂತು. ಎಲ್ಲ ಹೆಂಗಸರಿಗೂ ಆಗುವುದು ನನ್ನ ಮೈಗೆ ಮಾತ್ರ ಆಗುತ್ತಿಲ್ಲ ಅಂತ ನನಗೆ ಖಾತ್ರಿಯಾಗಿಬಿಟ್ಟಿತ್ತು.

ಶನಿವಾರ ಬೆಳಿಗ್ಗೆ ಪಂಪಿನ ಭಾಗಗಳನ್ನೆಲ್ಲ ಕೊನೇ ಸಲ ಕುದಿಸಿ, ಸ್ಟೀಲ್ ತಟ್ಟೆಯಲ್ಲಿ ಜೋಡಿಸಿ, ಮಹಡಿ ಮೇಲೆ ಬಿಸಿಲಿಗಿಟ್ಟೆ. ಒಣಗಿಸಿ, ಡಬ್ಬಿಗೆ ತುಂಬಿ, ಅಟ್ಟಕ್ಕೆ ಹಾಕುವ ಉದ್ದೇಶ.

ಮಂಜುಳಾ ಅಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಇವಳ ಪರಿಚಯ ಹೇಳಬೇಕು. ನಮ್ಮ ಓನರ್ ಮುನಿಯಮ್ಮನವರದು ಹೆಬ್ಬಗೋಡಿಯ ಹಳೇ ಮನೆತನ. ರಾಗಿ ಹೊಲವಿದ್ದ ಜಾಗದಲ್ಲಿ ಈಗ ನಾಲ್ಕು ಮಹಡಿ ಎದ್ದಿದೆ, ಅದರ ಎರಡನೆಯದರಲ್ಲಿ ನಾವು. ಮಂಜುಳಾ ಅವರ ಸೊಸೆ, ಆನೇಕಲ್ ಕಡೆಯವಳು, ಓದಿದ್ದು ಎಸ್ಸೆಸ್ಸೆಲ್ಸಿ. ಬೊಮ್ಮಸಂದ್ರದ ಒಂದು ಸಿಲಿಕೋನ್ ಫ್ಯಾಕ್ಟರಿಯಲ್ಲಿ ಹತ್ತು ವರ್ಷದಿಂದ ಕ್ವಾಲಿಟಿ ಚೆಕಿಂಗ್. ಮಿಷಿನ್ನುಗಳ ಒಳಗೆ ಗಾಳಿ, ನೀರು ಸೋರದ ಹಾಗೆ ಕೂರಿಸುವ ಸಿಲಿಕೋನ್ ಬಳೆಗಳು, ವಾಷರುಗಳು, ಮೂತಿಗಳು ಅವಳ ಮುಂದೆ ರಾಶಿ ಬೀಳುತ್ತವೆ. ಇವಳು ಅಳೆದು, ಹಿಸುಕಿ, ಬೆಳಕಿಗೆ ಹಿಡಿದು, ಪಾಸೋ ರಿಜೆಕ್ಟೋ ಹೇಳುತ್ತಾಳೆ. ಇಷ್ಟು ವರ್ಷ ಅವಳ ಜೊತೆ ನಾನು ಆಡಿದ ಮಾತೆಲ್ಲ ನೀರಿನ ಮೋಟರ್ ಬಗ್ಗೆ.

ಅವಳು ನನ್ನ ತಟ್ಟೆಯಿಂದ ಫ್ಲ್ಯಾಂಜನ್ನು ಎತ್ತಿಕೊಂಡಳು. (ಮತ್ತೆ ಕುದಿಸಬೇಕಾಯಿತು ಬಿಡಿ.) ಹೆಬ್ಬೆರಳನ್ನು ಅದರ ಅಂಚಿನ ಸುತ್ತ ಒಂದು ಸಲ ಓಡಿಸಿದಳು.

"ಪೀಸ್ ಚೆನ್ನಾಗೈತೆ ಅಕ್ಕ. ಅಂಚೆಲ್ಲ ನೈಸು. ಯಾವ ಮಿಷಿನ್ದು ಇದು?"

ನಾನು ಆ ಕಡೆ ಈ ಕಡೆ ನೋಡಿ, ದನಿ ತಗ್ಗಿಸಿ, ಹಾಲು, ಆಫೀಸು, ಪುಟ್ಟಿ ಅಂತ ಅರ್ಧರ್ಧ ಪದ ಹೇಳಿದೆ. ಅವಳಿಗೆ ಅರ್ಥವಾಯಿತು. ಫ್ಲ್ಯಾಂಜಿನ ಕೊಳವೆಯೊಳಗೆ ತನ್ನ ಎರಡು ಬೆರಳು ಜೋಡಿಸಿ ಹಾಕಿದಳು. ಬೆರಳು ಅಲ್ಲಾಡುವಷ್ಟು ಜಾಗವಿತ್ತು. ನನ್ನ ಮುಖ ನೋಡಿದಳು.

"ಅಕ್ಕ, ನಿಮ್ಮ ತೊಟ್ಟು ಇಷ್ಟು ದಪ್ಪನಾ?"

ಮೂರನೇ ಮಹಡಿಯ ಬ್ಯಾಚುಲರ್ ಹುಡುಗರು ಕೇಳಿಸಿಕೊಂಡರೋ ಏನೋ ಅಂತ ನಾನು ಮೆಟ್ಟಿಲ ಕಡೆ ನೋಡಿದೆ. ಅವಳಿಗೆ ಅದರ ಪರಿವೆಯೇ ಇಲ್ಲ.

"ಇದು ಸುತ್ತಳತೆ ಅಲ್ವಾ ಮಂಜುಳಾ? ಬ್ರಾ ಸೈಜು?"

ಅವಳು ನಗಲಿಲ್ಲ. ಇಲ್ಲಿ ನಾನು ಅವಳಿಗೆ ಮೊದಲ ನಮಸ್ಕಾರ ಹಾಕುತ್ತೇನೆ. ಕಾನ್ವೆಂಟಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಮ್ಯಾನ್ಯುಯಲ್ ಬರೆದು ಸಂಬಳ ಎಣಿಸುವ ಹೆಂಗಸೊಬ್ಬಳು ಎದೆಯ ಸುತ್ತಳತೆಯ ಇಂಚನ್ನು ಕೊಳವೆಯ ಮಿಲಿಮೀಟರಿಗೆ ಹೇಳಿ ಕೂತಿದ್ದಾಳೆ, ಎದುರಿಗಿರುವವರು ನಗದೇ ಇರುವುದು ಸುಲಭವಲ್ಲ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಇದರ ಜೊತೆ ಡ್ರಾಯಿಂಗ್ ಬಂದಿಲ್ವಾ?"

ಬಂದಿತ್ತು. ಕೆಳಗಿಳಿದು ಪಂಪಿನ ಡಬ್ಬಿ ತಂದೆ. ಅದರ ತಳದಲ್ಲಿ, ಪ್ಲಾಸ್ಟಿಕ್ ಕವರೂ ಒಡೆಯದ ಹಾಗೆ, ಮ್ಯಾನ್ಯುಯಲ್ ಬೆಚ್ಚಗೆ ಮಲಗಿತ್ತು. ಹೌದು, ನಾನು ಅದನ್ನು ತೆರೆದೇ ಇರಲಿಲ್ಲ. ಮ್ಯಾನ್ಯುಯಲ್ ಬರೆಯುವವಳಿಗೆ ಅದನ್ನು ಯಾರೂ ಓದುವುದಿಲ್ಲ ಎಂಬುದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಮಂಜುಳಾಗೆ ಇಂಗ್ಲಿಷ್ ಓದುವುದು ಕಷ್ಟ. ಆದರೆ ಅವಳು ಪುಟಗಳನ್ನು ಸರಸರ ತಿರುಗಿಸಿ ಚಿತ್ರವಿರುವ ಪುಟಕ್ಕೆ ಬಂದು ನಿಂತಳು. ಸೊನ್ನೆಯ ಮೇಲೆ ಓರೆಯಾಗಿ ಗೀಟು ಎಳೆದ ಒಂದು ಗುರುತಿನ ಮೇಲೆ ಬೆರಳಿಟ್ಟಳು.

"ಇಂಗೆ ಸೊನ್ನೆ ಮ್ಯಾಲೆ ಗೀಟು ಆಕಿದ್ರೆ ಡಯಾ ಅಂತ ಅರ್ಥ ಕಣಕ್ಕ. ಅಡ್ಡಳತೆ. ತೊಟ್ಟಿನ ಬುಡದ್ದು ಅಳೀಬೇಕು, ಅದಕ್ಕೆ ಎರಡು ಮೂರು ಎಂಎಂ ಸೇರಿಸ್ಬೇಕು. ನೋಡಿ, ಬಾಣದ ಗುರುತು ಆಕಿ ತೋರ್ಸವ್ರೆ."

ನಾನು ಪಕ್ಕದ ಇಂಗ್ಲಿಷ್ ಓದಿದೆ. ಅಕ್ಷರಶಃ ಅವಳು ಹೇಳಿದ್ದೇ ಅಲ್ಲಿ ಇತ್ತು. ಫ್ಲ್ಯಾಂಜ್ ತೀರಾ ದೊಡ್ಡದಾದರೆ ತೊಟ್ಟಿನ ಸುತ್ತಲ ಕಪ್ಪು ಭಾಗವೂ ಕೊಳವೆಯೊಳಗೆ ಎಳೆದುಕೊಂಡು ಊದುತ್ತದೆ, ಹಾಲು ಸರಿಯಾಗಿ ಬರುವುದಿಲ್ಲ, ಗಾಯವಾಗುತ್ತದೆ ಅಂತಲೂ ಇತ್ತು. ಮೂರು ಸಾಲು. ಆ ಮೂರು ಸಾಲು ಓದದೆ ನಾಲ್ಕು ವಾರ ಅತ್ತಿದ್ದೆ.

"ನಾಳೆ ರಜಾ ಐತಲ್ಲ, ಬತ್ತೀನಿ, ಅಳೆಯಾಣ" ಅಂದಳು ಮಂಜುಳಾ, ಸೀರೆಗೆ ಫಾಲ್ ಹಾಕಿಕೊಡುತ್ತೀನಿ ಅನ್ನುವ ದನಿಯಲ್ಲಿ. ಕೊನೆಯ ಬಟ್ಟೆಗೆ ಕ್ಲಿಪ್ ಸಿಕ್ಕಿಸಿ ಕೆಳಗಿಳಿದು ಹೋದಳು.

ಹೀಗೆ ಬಂತು ಆ ಭಾನುವಾರ.

ವರ್ನಿಯರ್ ಅವಳದೇ. ಫ್ಯಾಕ್ಟರಿಗೆ ಡಿಜಿಟಲ್ ಬಂದ ಮೇಲೆ ಮೂಲೆಗೆ ಬಿದ್ದ ಹಳೆಯದನ್ನು ಕೇಳಿ ಮನೆಗೆ ತಂದುಕೊಂಡಿದ್ದಾಳೆ. ನಮ್ಮ ರಸ್ತೆಯ ಹೆಂಗಸರ ಬಳೆ ಅಳತೆಗೆಲ್ಲ ಅದೇ. ಆದರೆ ಅದನ್ನು ಅವಳು ನನಗೆ ಮುಟ್ಟಿಸಲಿಲ್ಲ. "ಇದರ ಮೂತಿ ಚೂಪು, ತಣ್ಣಗಿರ್ತದೆ, ಗಾಯದ ಮ್ಯಾಲೆ ಬ್ಯಾಡ" ಅಂದಳು. ಚೀಲದಿಂದ ಒಂದು ದಪ್ಪ ಮದುವೆ ಕಾರ್ಡ್ ತೆಗೆದಳು. ಅದರಲ್ಲಿ ಸಾಲಾಗಿ ಆರು ತೂತು. ಮಗಳ ಜಾಮಿಟ್ರಿ ಬಾಕ್ಸಿನ ಕೈವಾರದಲ್ಲಿ ಗೆರೆ ಎಳೆದು, ಬ್ಲೇಡಿನಲ್ಲಿ ಕೊರೆದು, ಅಂಚಿಗೆ ಉಪ್ಪುಕಾಗದ ತಿಕ್ಕಿ, ಪ್ರತಿ ತೂತನ್ನೂ ವರ್ನಿಯರಿನಲ್ಲಿ ಅಳೆದು, ಪಕ್ಕದಲ್ಲಿ ಪೆನ್ನಿನಿಂದ ನಂಬರ್ ಬರೆದು ತಂದಿದ್ದಳು. ಶನಿವಾರ ಸಂಜೆ ಪೂರ್ತಿ ಅದಕ್ಕೇ ಹೋಗಿರಬೇಕು.

"ನಮ್ಮ ಲೈನಲ್ಲೂ ಇಂಗೇ. ತೂತಲ್ಲಿ ಓದ್ರೆ ಪಾಸು, ಓಗದಿದ್ರೆ ಫೇಲು. ಒಂದೊಂದ್ನೂ ಅಳೀತಾ ಕುಂತ್ರೆ ದಿನಾ ಮುಗಿಯಾಕಿಲ್ಲ."

ಹದಿನಾರು, ಹೋಗಲಿಲ್ಲ. ಹದಿನೇಳು, ಒತ್ತುತ್ತಿತ್ತು. ಹದಿನೆಂಟು, ಆರಾಮ. ಎರಡೂ ಕಡೆ ನೋಡಿದಳು. (ಎರಡೂ ಒಂದೇ ಇರಬೇಕು ಅಂತೇನಿಲ್ಲವಂತೆ. ನನಗೆ ಒಂದೇ ಇತ್ತು.) ಕಾರ್ಡಿನ ಮೇಲೆ ಯಾರದೋ ಮಗಳ ಚಿ. ಸೌ. ಅಂತ ಬಂಗಾರದ ಅಕ್ಷರ. ನನಗೆ ನಗು ತಡೆಯಲಾಗಲಿಲ್ಲ. ಆಗ ಅವಳೂ ನಕ್ಕಳು, ಬಾಯಿಗೆ ಸೆರಗು ಒತ್ತಿಕೊಂಡು. ನಾನು ನಕ್ಕು ಎಷ್ಟೋ ವಾರವಾಗಿತ್ತು.

ಆಮೇಲೆ ವರ್ನಿಯರ್ ತೆಗೆದುಕೊಂಡು ನನ್ನ ಅಮೆರಿಕದ ಫ್ಲ್ಯಾಂಜಿನ ಕೊಳವೆ ಅಳೆದಳು. "ಮೂವತ್ತಾರು ಕರೆಕ್ಟಾಗೈತೆ. ಪೀಸಿನ ತಪ್ಪಲ್ಲ ಇದು. ನಿಮ್ದೂ ತಪ್ಪಿಲ್ಲ. ಎರಡಕ್ಕೂ ಮ್ಯಾಚ್ ಇಲ್ಲ ಅಷ್ಟೇಯ. ನಿಮಗೆ ಬೇಕಾಗಿರೋದು ಮೂವತ್ತಾರಲ್ಲ ಅಕ್ಕ, ಇಪ್ಪತ್ತೊಂದು."

ನಿಮ್ದೂ ತಪ್ಪಿಲ್ಲ. ಈ ಮಾತನ್ನು ಆ ನಾಲ್ಕು ವಾರದಲ್ಲಿ ನನಗೆ ಯಾರೂ ಹೇಳಿರಲಿಲ್ಲ. ಊಟ ಸಾಲದು ಅಂದರು, ಟೆನ್ಶನ್ ಜಾಸ್ತಿ ಅಂದರು, ಕೆಲವರಿಗೆ ಹಾಲೇ ಕಡಿಮೆ ಅಂದರು. ಎಲ್ಲರೂ ನನ್ನ ಮೈಯಲ್ಲೇ ಕೊರತೆ ಹುಡುಕಿದರು, ನಾನೂ ಅವರ ಜೊತೆ ಸೇರಿಕೊಂಡಿದ್ದೆ. ಈ ಹೆಂಗಸು ಮೊದಲು ಅಳತೆ ತೆಗೆದಳು, ಆಮೇಲೆ ಮಾತಾಡಿದಳು. ಅವಳನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ತಬ್ಬಿಕೊಂಡೆ ಕೂಡ. "ಜಿಪ್ ಆಕ್ಕೊಳಿ ಮೊದ್ಲು" ಅಂದಳು.

ಯೋಚನೆ ಮಾಡಿ ನೋಡಿ. ಬೆಂಡೆಕಾಯಿ ಕೊಳ್ಳುವಾಗ ತುದಿ ಮುರಿದು ನೋಡುತ್ತೇವೆ. ತೆಂಗಿನಕಾಯಿ ಅಲ್ಲಾಡಿಸಿ ಕಿವಿಗಿಟ್ಟುಕೊಳ್ಳುತ್ತೇವೆ. ಚಪ್ಪಲಿ ಹಾಕಿಕೊಂಡು ಅಂಗಡಿಯ ತುಂಬ ನಾಲ್ಕು ಹೆಜ್ಜೆ ಓಡಾಡುತ್ತೇವೆ. ಎಲ್ಲಕ್ಕಿಂತ ನವಿರಾದ ಚರ್ಮಕ್ಕೆ, ದಿನಕ್ಕೆ ಎರಡು ಸಲ ಹಚ್ಚುವ ವಸ್ತುವಿಗೆ ಮಾತ್ರ ಬಾಯಿಗೆ ಬಂದ ನಂಬರ್ ಹೇಳಿ ಕೈತೊಳೆದುಕೊಳ್ಳುತ್ತೇವೆ. ಯಾಕೆ? ನಾಚಿಕೆ. ಆ ನಾಚಿಕೆಯಿಂದ ಯಾರಿಗೆ ಏನು ಲಾಭವಾಯಿತು ಅಂತ ನಾನು ಇನ್ನೂ ಹುಡುಕುತ್ತಿದ್ದೇನೆ.

ಒಂದು ಪೆದ್ದು ಪ್ರಶ್ನೆಯನ್ನೂ ಕೇಳಿದೆ. "ನಿಮ್ಮ ಫ್ಯಾಕ್ಟರಿಯಲ್ಲೇ ಒಂದು ಇಪ್ಪತ್ತೊಂದು ಮಾಡಿಸ್ಕೊಡ್ತೀಯಾ?"

ಮಂಜುಳಾ ಮುಖ ಗಂಭೀರವಾಯಿತು. "ಬ್ಯಾಡ ಅಕ್ಕ. ನಮ್ಮಲ್ಲಿ ಮಾಡೋದು ಮಿಷಿನ್ನಿಗೆ ಆಕೋದು. ಮಗ ಕುಡಿಯೋ ಆಲು ಮುಟ್ಟೋ ಮೆಟೀರಿಯಲ್ಲೇ ಬ್ಯಾರೆ. ನೋಡಾಕೆ ಒಂದೇ ತರ ಇರ್ತದೆ, ಆದ್ರೆ ಒಂದೇ ಅಲ್ಲ. ನಾನು ಮಾಡ್ಸಿಕೊಡಾಕಿಲ್ಲ." ತಮ್ಮ ಮನೆಯಲ್ಲಿ ಬಾಡಿಗೆಗಿರುವ ಅಕ್ಕನಿಗೆ ಇಲ್ಲ ಅನ್ನಲು ಅವಳಿಗೆ ಒಂದು ಕ್ಷಣವೂ ಬೇಕಾಗಲಿಲ್ಲ.

ಅವತ್ತೇ ಆನ್‌ಲೈನಿನಲ್ಲಿ ಇಪ್ಪತ್ತೊಂದರ ಎರಡು ಬಗೆಯನ್ನು, ಒಂದೊಂದು ಜೋಡಿ, ಆರ್ಡರ್ ಮಾಡಿದೆ. ಬೇಡವಾದದ್ದನ್ನು ವಾಪಸ್ ಮಾಡಬಹುದು ಅಂತಿತ್ತು. ಅವು ಬರುವವರೆಗೆ ಪಂಪಿಗೆ ರಜೆ, ಗಾಯಕ್ಕೆ ಮುಲಾಮು, ಆಫೀಸಿಗೆ ವರ್ಕ್ ಫ್ರಂ ಹೋಂ ಅನ್ನುವ ಮೇಲ್. ಬುಧವಾರ ಎರಡೂ ಬಂದವು. ಒಂದು ಪೂರ್ತಿ ಮೆತ್ತಗೆ, ಹಿಸುಕಿದರೆ ಮುದ್ದೆಯಾಗುತ್ತಿತ್ತು. ಇನ್ನೊಂದು ಬಾಯಿಯ ಹತ್ತಿರ ಮೆತ್ತಗೆ, ಕೊಳವೆಯ ಹತ್ತಿರ ಸ್ವಲ್ಪ ಬಿಗಿ. ನಾನು ತಕ್ಷಣ ಮೊದಲನೆಯದಕ್ಕೆ ಕೈ ಹಾಕಿದೆ. ಮೆತ್ತಗಿದ್ದಷ್ಟೂ ಸುಖ ಅಲ್ಲವೇ?

ಅಲ್ಲವಂತೆ. ಶಿಫ್ಟ್ ಮುಗಿಸಿ ಯೂನಿಫಾರ್ಮಿನಲ್ಲೇ ಬಂದ ಮಂಜುಳಾ ಎರಡನ್ನೂ ಕೈಗೆತ್ತಿಕೊಂಡಳು. ಮೆತ್ತನೆಯದರ ಕೊಳವೆಯ ತುದಿಯನ್ನು ಅಂಗೈಯಿಂದ ಮುಚ್ಚಿ ಬೆರಳಿನಿಂದ ಒತ್ತಿದಳು. ಕೊಳವೆ ಚಪ್ಪಟೆಯಾಯಿತು.

"ಗಾಳಿ ಎಳೆದಾಗ ಇದು ಇಂಗೇ ಒಳಕ್ಕೆ ಕುಸೀತದೆ. ಕುಸಿದ್ರೆ ಮತ್ತೆ ತೊಟ್ಟು ಕಚ್ತದೆ. ಬಾಯಿ ಮೆತ್ತಗಿರ್ಬೇಕು, ಕುತ್ತಿಗೆ ಗಟ್ಟಿ ಇರ್ಬೇಕು ಅಕ್ಕ." ಆಮೇಲೆ ಎರಡನೆಯದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಒಳ ಅಂಚನ್ನು ತನ್ನ ಮಣಿಕಟ್ಟಿನ ಒಳಭಾಗಕ್ಕೆ ನಿಧಾನವಾಗಿ ಉಜ್ಜಿದಳು. ಅಚ್ಚಿನ ಎರಡು ಭಾಗ ಸೇರುವಲ್ಲಿ ಒಂದು ಸಣ್ಣ ಗೆರೆ ಉಳಿದಿರುತ್ತದಂತೆ, ಬೆರಳಿಗೆ ಗೊತ್ತಾಗದಿದ್ದರೂ ಮಣಿಕಟ್ಟಿನ ಚರ್ಮಕ್ಕೆ ಗೊತ್ತಾಗುತ್ತದಂತೆ. ಜೋಡಿಯಲ್ಲಿ ಒಂದು ಪಾಸ್. ಇನ್ನೊಂದಕ್ಕೆ ತಲೆ ಅಲ್ಲಾಡಿಸಿದಳು. "ರಿಜೆಕ್ಟ್. ಬದಲಾಯಿಸ್ಕೊಡಾಕೆ ಏಳಿ." ನನ್ನ ಮಣಿಕಟ್ಟಿಗೂ ಉಜ್ಜಿ ತೋರಿಸಿದಳು. ನಿಜ, ಕೂದಲೆಳೆಯಷ್ಟು ಚುರುಕು. ನಾನಾಗಿದ್ದರೆ ನಾಲ್ಕೈದು ನಕ್ಷತ್ರದ ರಿವ್ಯೂ ಓದಿ ಹಚ್ಚಿಕೊಂಡುಬಿಡುತ್ತಿದ್ದೆ.

ಕಂಫರ್ಟ್, ಫಿಟ್, ಯೂಸರ್ ಎಕ್ಸ್‌ಪೀರಿಯನ್ಸ್. ಈ ಪದಗಳನ್ನು ನಾನು ದಿನಕ್ಕೆ ಎಷ್ಟು ಸಲ ಟೈಪ್ ಮಾಡುತ್ತೇನೋ ಲೆಕ್ಕವಿಲ್ಲ. ಮಂಜುಳಾಗೆ ಆ ಪದಗಳು ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಆ ಕೆಲಸ.

ಅವಳು ಪಾಸ್ ಮಾಡಿದ ಆ ಒಂದನ್ನೇ ಕುದಿಸಿ, ಅವತ್ತೇ ಸಂಜೆ ಬಾಗಿಲು ಹಾಕಿಕೊಂಡು ಹಚ್ಚಿದೆ. ಹಲ್ಲು ಕಚ್ಚಿ ಕಾದೆ. ಒಂದು ನಿಮಿಷವಾಯಿತು, ಎರಡು ನಿಮಿಷವಾಯಿತು. ನೋವು ಬರಲಿಲ್ಲ. ಗಾಯದ ಸಣ್ಣ ಉರಿ ಇತ್ತು, ಅಷ್ಟೇ. ಮೂರನೇ ನಿಮಿಷಕ್ಕೆ ಬಾಟಲಿಯ ಗೋಡೆಗೆ ಚಿರ್ ಅಂತ ಹಾಲು ಚಿಮ್ಮಿತು. ನಾನು ಜೋರಾಗಿ ಅತ್ತೆ. ಅಮ್ಮ ಬಾಗಿಲು ತಟ್ಟಿ, "ಏನಾಯ್ತೇ, ಏನಾಯ್ತೇ" ಅಂತ ಗಾಬರಿ. ಒಂದೇ ಕಡೆಯಿಂದ ಎಪ್ಪತ್ತು ಎಂಎಲ್. ಅಮ್ಮ ಬಾಟಲಿ ನೋಡಿ, "ನೋಡ್ದ್ಯಾ, ಸಬ್ಬಸಿಗೆ ಸೊಪ್ಪು ಈಗ ಕೆಲಸ ಮಾಡ್ತು" ಅಂದರು.

ಬಾಟಲಿ ಹಿಡಿದುಕೊಂಡು ಕೆಳಗಿಳಿದು ಓಡಿದೆ. ಮಂಜುಳಾ ಅಂಗಳದಲ್ಲಿ ಮಗಳ ತಲೆ ಬಾಚುತ್ತಿದ್ದಳು. ಮಗಳು ನಾಲ್ಕನೇ ಕ್ಲಾಸು. ಮಂಜುಳಾ ಬಾಟಲಿಯನ್ನು ಎತ್ತಿ ಹಿಡಿದು ನೋಡಿದಳು, ಗೆರೆಗಳನ್ನು ಎಣಿಸಿದಳು, ವಾಪಸ್ ಕೊಟ್ಟಳು. ಜಡೆ ಹೆಣೆಯುತ್ತಾ, ನನ್ನ ಕಡೆ ನೋಡದೆ, ತನ್ನ ಕತೆ ಹೇಳಿದಳು.

"ಇವಳು ಉಟ್ಟಾಗ ನಾನೂ ಮೂರೇ ತಿಂಗ್ಳಿಗೆ ಕೆಲ್ಸಕ್ಕೆ ಓದೆ ಅಕ್ಕ. ಮದ್ಯಾನ ಆಗೋಷ್ಟೊತ್ಗೆ ಏಪ್ರನ್ ಎಲ್ಲ ಒದ್ದೆ. ಪಂಪು ಗಿಂಪು ಏನು ಗೊತ್ತಿತ್ತು ನಮಗೆ? ಟಾಯ್ಲೆಟ್ಟಿಗೆ ಓಗಿ ಕೈಯಾಗೆ ಇಂಡಿ ಮೋರಿಗೆ ಬಿಡ್ತಿದ್ದೆ. ಮನೇಲಿ ಇವ್ಳು ಅಸ್ಕೊಂಡು ಅಳ್ತಿದ್ಲಂತೆ. ಇಪ್ಪತ್ತು ದಿನಕ್ಕೆ ಬತ್ತೋಯ್ತು." ರಬ್ಬರ್ ಬ್ಯಾಂಡ್ ಬಿಗಿದಳು. "ಬತ್ತಿದ್ದೇ ಒಳ್ಳೇದಾಯ್ತು ಅಂದ್ರು ನಮ್ಮತ್ತೆ, ಬಟ್ಟೆ ಒಗೆಯೋದು ತಪ್ತು ಅಂತ."

ನನ್ನ ಕೈಯಲ್ಲಿ ಎಪ್ಪತ್ತು ಎಂಎಲ್ ಹಾಲು ಬೆಚ್ಚಗಿತ್ತು. ತನಗೆ ಸಿಗದಿದ್ದದ್ದನ್ನು ಇನ್ನೊಬ್ಬಳಿಗೆ ಮಾಡಿಕೊಡುವಾಗ ಸ್ವಲ್ಪವಾದರೂ ಹೊಟ್ಟೆಕಿಚ್ಚು ಇಣುಕುವುದು ಸಹಜ. ನನ್ನಲ್ಲಾದರೆ ಇಣುಕುತ್ತಿತ್ತು. ಇವಳು ಶನಿವಾರ ಸಂಜೆ ಕೂತು ಮದುವೆ ಕಾರ್ಡಿನಲ್ಲಿ ತೂತು ಕೊರೆದಿದ್ದಾಳೆ. ನಾನು ಕಂಡ ದೊಡ್ಡ ಮನುಷ್ಯರ ಪಟ್ಟಿಯಲ್ಲಿ ಅವಳ ಹೆಸರು ಮೇಲೆಯೇ ಇದೆ.

ಈಗ ನನ್ನ ವಿಷಯ ಸುಸೂತ್ರ. ರಿಜೆಕ್ಟ್ ಆದದ್ದರ ಬದಲಿ ಬಂತು, ಅದೂ ಮಂಜುಳಾ ಕೈಯಲ್ಲಿ ಪಾಸಾಯಿತು. ಆಫೀಸಿನಲ್ಲಿ ಎರಡು ಸಲಕ್ಕೆ ಸೇರಿ ಇನ್ನೂರು ಎಂಎಲ್ ದಾಟುತ್ತಿದೆ. ಪುಟ್ಟಿಗೆ ಕೆನ್ನೆ ಬಂದಿದೆ. ಜಾಗ ಮಾತ್ರ ಇನ್ನೂ ಅದೇ ಕಮೋಡಿನ ಮೇಲೆ. ಒಂದು ಪುಟ್ಟ ರೂಮು, ಒಂದು ಕುರ್ಚಿ, ಒಂದು ಪ್ಲಗ್ ಪಾಯಿಂಟ್, ಒಳಗಿನಿಂದ ಚಿಲಕ. ಇಷ್ಟು ಬೇಕು ಅಂತ ಎಚ್‌ಆರ್‌ಗೆ ಮೇಲ್ ಮಾಡಿದೆ. ಬಹಳ ಸೌಜನ್ಯದ ಉತ್ತರ ಬಂತು. ವಿಷಯವನ್ನು ಸಂಬಂಧಪಟ್ಟ ಟೀಮಿಗೆ ಕಳಿಸಿದ್ದಾರಂತೆ, ಆ ಟೀಮು ಜಾಗದ ಲಭ್ಯತೆ ನೋಡುತ್ತಿದೆಯಂತೆ. (ನಮ್ಮ ಕ್ಯಾಂಪಸ್ಸಿನಲ್ಲಿ ಟೇಬಲ್ ಟೆನಿಸ್‌ಗೆ ಎರಡು ರೂಮುಗಳಿವೆ.)

ಮೊನ್ನೆ ಭಾನುವಾರ ಮಂಜುಳಾ ಇನ್ನೊಬ್ಬಳನ್ನು ಕರೆದುಕೊಂಡು ಬಂದಳು. ರೇಣುಕಾ ಅಂತ, ಗದಗ ಕಡೆಯ ಹುಡುಗಿ, ಅವಳ ಲೈನಿನಲ್ಲೇ ಕೆಲಸ, ಗಂಡನ ಜೊತೆ ಬೊಮ್ಮಸಂದ್ರದಲ್ಲಿ ಒಂದು ರೂಮು ಮಾಡಿಕೊಂಡಿದ್ದಾಳೆ. ಏಳು ತಿಂಗಳ ಬಸುರಿ. ಮಂಜುಳಾ ಹೇಳಿಕಳಿಸಿದ್ದರಿಂದ ಪಂಪನ್ನು ತೊಳೆದು ಟೇಬಲ್ ಮೇಲೆ ಇಟ್ಟಿದ್ದೆ. ರೇಣುಕಾ ಅದನ್ನು ಮುಟ್ಟದೆ, ಸುತ್ತ ಬಾಗಿ ಬಾಗಿ ನೋಡಿದಳು.

"ನೋವ್ ಆಗಂಗಿಲ್ಲೇನ್ರೀ ಅಕ್ಕಾರ?"

"ಅಳತೆ ಸರಿಯಿದ್ರೆ ಆಗಲ್ಲ" ಅಂದೆ, ಏನೋ ಹುಟ್ಟಿನಿಂದಲೇ ಬಲ್ಲವಳ ಹಾಗೆ. ಮಂಜುಳಾ ನನ್ನ ಮೂವತ್ತಾರರ ಸುದ್ದಿ ಎತ್ತಲಿಲ್ಲ. ಒಳ್ಳೆಯ ಮನಸ್ಸು.

ಹೆರಿಗೆಯಾದ ಮೇಲೆ ಮದುವೆ ಕಾರ್ಡಿನಲ್ಲಿ ಅಳತೆ ತೆಗೆಯುವುದು, ಕೈಯಲ್ಲಿ ಒತ್ತುವ ಸಣ್ಣ ಪಂಪಿಗೆ ಸರಿಯಾದ ಬಾಯಿ ಹುಡುಕುವುದು, ಎಲ್ಲ ಮಾತಾಯಿತು. ಕೊನೆಗೆ ನನಗೆ ಹೊಳೆಯಿತು. "ಅದೆಲ್ಲ ಸರಿ ಮಂಜುಳಾ, ಫ್ಯಾಕ್ಟರಿಯಲ್ಲಿ ಇವಳು ಎಲ್ಲಿ ಕೂತ್ಕೊಂಡು ಪಂಪ್ ಮಾಡ್ತಾಳೆ? ಜಾಗ ಕೊಡ್ತಾರಾ?"

"ಗೇಜ್ ರೂಮೈತಲ್ಲ" ಅಂದಳು ಮಂಜುಳಾ. ಅಳತೆಯ ಸಾಮಾನುಗಳನ್ನೆಲ್ಲ ಇಡುವ ರೂಮದು. ಸೆಖೆಗೆ ಉಕ್ಕು ಹಿಗ್ಗಿ ಅಳತೆ ತಪ್ಪಬಾರದು ಅಂತ ಅದಕ್ಕೆ ಏಸಿ ಇದೆ, ಧೂಳು ಬರದಂತೆ ಬಾಗಿಲು ಭದ್ರವಾಗಿದೆ, ಒಂದು ಕುರ್ಚಿ, ಒಂದು ಟೇಬಲ್ಲೂ ಇದೆ. "ಕೀ ನನ್ನತ್ರಾನೇ ಇರ್ತದೆ. ಟೀ ಟೈಮಲ್ಲಿ ಒಂದಿಪ್ಪತ್ತು ನಿಮಿಷ ಒಳಗೆ ಬಿಟ್ಟು ಬೀಗ ಆಕ್ಕೊಂಡು ನಾನು ಬಾಗ್ಲತ್ರ ನಿಂತಿರ್ತೀನಿ."

"ಸೂಪರ್‌ವೈಸರ್‌ನ ಕೇಳಿದ್ಯಾ?"

"ಕೇಳ್ದೆ. ಯೋಚ್ನೆ ಮಾಡಾಣ ಅಂದ್ರು. ನೀವು ಯೋಚ್ನೆ ಮಾಡ್ತಿರಿ ಸಾರ್, ಅದ್ರೊಳಗೆ ಮಗ ಉಟ್ಟಿರ್ತದೆ, ನಿಮ್ದು ಯೋಚ್ನೆ ಮುಗಿಯೋಗಂಟ ಗೇಜ್ ರೂಮಲ್ಲಿ ಕುಂತಿರ್ತಾಳೆ ಅಂತ ಏಳ್ದೆ. ಅವ್ರು ಬ್ಯಾಡ ಅನ್ನಲಿಲ್ಲ ಅಕ್ಕ."

ಉಕ್ಕಿನ ಸಾಮಾನಿಗಿರುವ ಏಸಿ ರೂಮಿನಲ್ಲಿ ಒಂದು ಹೆಣ್ಣುಮಗಳನ್ನು ಕೂರಿಸಲು ಅವಳಿಗೆ ಬೇಕಾದದ್ದು ಎರಡು ಮಾತು.

ಸೋಮವಾರ ಆಫೀಸಿಗೆ ಹೋಗಿ ನೋಡಿದೆ, ನನ್ನ ಮೇಲ್‌ಗೆ ಮತ್ತೊಂದು ಉತ್ತರ ಬಂದಿತ್ತು: ಜಾಗ ಸಿಕ್ಕಿಲ್ಲ. ಏಳು ಬ್ಲಾಕು, ಒಂದೊಂದರಲ್ಲೂ ಆರಾರು ಮಹಡಿ. ಇಷ್ಟು ದೊಡ್ಡ ಕ್ಯಾಂಪಸ್ಸಿನಲ್ಲಿ ಒಂದು ರೂಮಿನ ಕೀ ಯಾರ ಹತ್ತಿರವೂ ಇಲ್ಲವೇ?